ಶಾಪದ ಕಲ್ಲು ಹುಡುಕಲು ಹೋದವರು

ಕಾಕನಕೋಟೆ ಕಾಡಿನಲ್ಲಿ ಒಂದು ಕಲ್ಲಿತ್ತಂತೆ. ಹೈದರ್ ಅಲಿ ನೆಡಿಸಿದ ಕಲ್ಲು. ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ ಹಿಡಿಯಲು ಹೋಗಿ ಅವನು ಅಲ್ಲಿ ಸೋತ. ಈ ಕೆಲಸ ಯಾರಿಂದಲೂ ಆಗುವುದಲ್ಲ, ಮಾಡಲು ಹೊರಟವರಿಗೆ ನನ್ನ ಶಾಪವಿರಲಿ ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಬರೆಸಿಟ್ಟ. ಇದನ್ನು ನಮಗೆ ಹೇಳಿದವನು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸೀಮೆಯ ಕಾಲುವೆಗಳನ್ನು ನೋಡಿಕೊಳ್ಳಲು ಬಂದು ಕೊನೆಗೆ ಆನೆ ಹಿಡಿಯುವವನಾದ ಬ್ರಿಟಿಷ್ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ (ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ ದೊಡ್ಡಿಗೆ ಅಟ್ಟಿ ಹಿಡಿಯುವುದು) ಮಾಡಿ ಗೆದ್ದ. 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಆ ಕಲ್ಲು ಇನ್ನೂ ಅಲ್ಲೇ ನಿಂತಿದೆ ಅಂತ ಬರೆದ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಭಾನುವಾರ ಬಂದರೆ ಸ್ಕೂಟರ್ ಹತ್ತಿ ಯಾವುದೋ ಹೊಲದ ಬದುವಿನಲ್ಲಿರುವ ವೀರಗಲ್ಲು ನೋಡಲು ಹೋಗುವ ಹುಚ್ಚು. ನನ್ನಂಥವರು ಹತ್ತಿಪ್ಪತ್ತು ಜನ ಈ ಊರಿನಲ್ಲಿದ್ದಾರೆ. ಸ್ಯಾಂಡರ್ಸನ್ನನ ಆ ಎರಡು ಸಾಲು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಎಲ್ಲರನ್ನೂ ಕೂರಿಸಿ, ಕಾಕನಕೋಟೆ ಈಗ ಸೇರಿರುವ ನಾಗರಹೊಳೆ ಕಾಡಿನ ಹಿಂದಿನ ಕಥೆಯನ್ನು ಎರಡು ದಿನ ಒಟ್ಟಿಗೆ ಕೆದಕಿದರೆ ಹೇಗೆ ಅನ್ನಿಸಿತು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕರೆಯೋಲೆಯ ಮೊದಲ ಸಾಲೇ ಶಾಪದ ಕಲ್ಲಿನ ಬಗ್ಗೆ. ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ.

ಹತ್ತೊಂಬತ್ತು ಜನ ಬಂದರು. ಇತಿಹಾಸಕಾರರು ಅಂತ ಕರೆದರೆ ಅವರಲ್ಲಿ ಅರ್ಧ ಜನ ನಾಚಿಕೊಳ್ಳುತ್ತಾರೆ. ಇಬ್ಬರು ಕಾಲೇಜು ಅಧ್ಯಾಪಕರು. ಪಿಎಚ್.ಡಿ. ಮುಗಿಸಲು ಒದ್ದಾಡುತ್ತಿದ್ದ ಒಬ್ಬಳು ಹುಡುಗಿ. ಶಾಸನ ಓದುವ ಹಿರಿಯರೊಬ್ಬರು. ಹಳೆಯ ನಕ್ಷೆ ಕೂಡಿಡುವ ಒಬ್ಬ ಗೃಹಿಣಿ. ಬ್ಯಾಂಕಿನಲ್ಲಿದ್ದ ಮದ್ದೂರಿನ ಗೆಳೆಯ. ಅವನು ಯಾವ ಮಾತು ತೆಗೆದರೂ ತನ್ನ ಕಡೆಯ ಆತಕೂರಿನ ಶಾಸನಕ್ಕೇ ತಂದು ನಿಲ್ಲಿಸುತ್ತಾನೆ. ಇವರ ಜೊತೆ ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡ್, ಮತ್ತೆ ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯೊಂದರ ಜೇನುಕುರುಬ ಹುಡುಗ. ಓದಿಕೊಂಡವನು, ಮೈಸೂರಿನಲ್ಲೇ ಕೆಲಸ. ಅವನನ್ನು ಯಾಕೆ ಕರೆದೆ ಅಂದರೆ, ಎರಡನೆಯ ದಿನ ದಾರಿ ತೋರಿಸಲಿ ಅಂತ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆಗ ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ಮೊದಲ ದಿನವನ್ನು ನಾನು ಪೂರ್ತಿ ಹಾಳು ಮಾಡಿದೆ. ಸರಸ್ವತಿಪುರಂನಲ್ಲಿ ಗೆಳೆಯರೊಬ್ಬರ ಮನೆಯ ಮಹಡಿ ಸಿಕ್ಕಿತ್ತು. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಅಂತ ಪಟ್ಟಿ ಮಾಡಿದ್ದೆ. ಮೊದಲು ಮಾತಾಡಿದವರೇ ಐವತ್ತು ನಿಮಿಷ ತೆಗೆದುಕೊಂಡರು. ಗಂಗರು, ಹೊಯ್ಸಳರು, ವಿಜಯನಗರ ಅಂತ ಇಳಿದು ಒಡೆಯರ ಹತ್ತಿರ ಬರುವಷ್ಟರಲ್ಲಿ ಕರೆಂಟು ಹೋಯಿತು. ಕೇಳಲು ಏನೂ ತಪ್ಪಿರಲಿಲ್ಲ, ಆದರೆ ಕಾಡಿನ ಮಾತೇ ಬರಲಿಲ್ಲ. ದೊರೆಗಳು ಬಂದರು, ಹೋದರು. ಕಾಡು ಹಿಂದೆ ಪರದೆಯ ಹಾಗೆ ನಿಂತಿತ್ತು.

ಊಟಕ್ಕೆ ಎದ್ದಾಗ ಗೋಡೆಗೆ ಅಂಟಿಸಿದ್ದ ನಕ್ಷೆಯ ಮುಂದೆ ನಾಲ್ಕೈದು ಜನ ಸೇರಿಕೊಂಡರು. ಸರ್ವೆ ಇಲಾಖೆಯ ಹಳೆಯ ಟೋಪೋ ನಕ್ಷೆಯ ದೊಡ್ಡ ಪ್ರತಿ ಅದು. ಒಂದು ಹಳ್ಳದ ಹೆಸರು ಇಂಗ್ಲಿಷಿನಲ್ಲಿತ್ತು, ‘ಹಾಲು’ ಅಂತ ಶುರುವಾಗುತ್ತಿತ್ತು. ಹಾಲಿನ ಹಳ್ಳ ಅಂದಮೇಲೆ ದನದ ದೊಡ್ಡಿ ಇದ್ದಿರಬೇಕು, ಅಮೃತಮಹಲ್ ದನಗಳ ಕಾವಲು ಇದ್ದಿರಬೇಕು ಅಂತ ಅಧ್ಯಾಪಕರೊಬ್ಬರು ದೊಡ್ಡ ವಾದವನ್ನೇ ಕಟ್ಟಿದರು. ಹದಿನೈದು ನಿಮಿಷ ಜೋರು ಚರ್ಚೆ. ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹಾಡಿಯ ಹುಡುಗ ಮೆಲ್ಲಗೆ, “ಸಾರ್, ಅದು ಹಾಲು ಅಲ್ಲ. ಹಾಳು. ಅಲ್ಲಿ ಊರು ಹಾಳಾಗಿತ್ತು ಅಂತ ನಮ್ಮಜ್ಜಿ ಹೇಳ್ತಾರೆ” ಅಂದ.

ಇಂಗ್ಲಿಷ್ ಅಕ್ಷರದಲ್ಲಿ ಲ ಮತ್ತು ಳ ಒಂದೇ ಅಲ್ವಾ? ನೂರು ವರ್ಷದ ಹಿಂದಿನ ಸರ್ವೇಯರನ ಕೈಯಲ್ಲಿ ಸತ್ತ ಳಕಾರ ನಮ್ಮನ್ನೆಲ್ಲ ದನದ ದೊಡ್ಡಿಯವರೆಗೆ ಓಡಿಸಿಕೊಂಡು ಹೋಗಿತ್ತು. ಎಲ್ಲರೂ ನಕ್ಕರು. ಅಧ್ಯಾಪಕರೂ ನಕ್ಕರು, ಸ್ವಲ್ಪ ತಡವಾಗಿ.

ಮಧ್ಯಾಹ್ನದ ಪಟ್ಟಿಯನ್ನು ಹರಿದು ಹಾಕಿದೆ. ಭಾಷಣ ಸಾಕು, ಒಬ್ಬೊಬ್ಬರೂ ತಮ್ಮ ಹತ್ತಿರ ಇರುವ ಒಂದು ಕಾಗದ, ಒಂದು ಫೋಟೊ, ಒಂದು ನಕ್ಷೆ ಮೇಜಿನ ಮೇಲೆ ಇಡಿ, ಅದರ ಬಗ್ಗೆ ಮಾತ್ರ ಹೇಳಿ ಅಂದೆ. ಆಮೇಲೆ ನಿಜವಾದ ಕೆಲಸ ಶುರುವಾಯಿತು.

ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಕಾಗದ ಎಲ್ಲೆಲ್ಲಿ ಹುಡುಕಬೇಕು ಅನ್ನುವುದು. ನಾಗರಹೊಳೆ ಇಂದು ಒಂದೇ ಉದ್ಯಾನ. ಆದರೆ ಅದು ಎರಡು ಸರ್ಕಾರಗಳ ಕಾಡನ್ನು ಹೊಲಿದು ಮಾಡಿದ ಕೌದಿ. ಪಶ್ಚಿಮದ ಪಾಲು ಕೊಡಗಿನದು. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಸ್ವಾತಂತ್ರ್ಯ ಬಂದ ಮೇಲೂ 1956ರ ನವೆಂಬರ್‌ವರೆಗೆ ಬೇರೆ ರಾಜ್ಯವಾಗಿಯೇ ಇತ್ತು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾದಾಗ ಆ ಆದೇಶ ಹೊರಟದ್ದು ಮೈಸೂರಿನಿಂದಲ್ಲ. ಕಾಕನಕೋಟೆಯ ಕಡೆ ಮಹಾರಾಜರ ಕಾಡು, ಅದರ ಲೆಕ್ಕಪತ್ರವೇ ಬೇರೆ. ಎರಡೂ ಸೇರಿ ದೊಡ್ಡದಾಗಿ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಪಕ್ಕದ ಬಂಡೀಪುರದ ದಾರಿ ಹೀಗಲ್ಲ. ಅದು 1931ರಲ್ಲಿ ಮಹಾರಾಜರು 90 ಚದರ ಕಿಲೋಮೀಟರಿನಷ್ಟು ಕಾಡನ್ನು ಕಾಯ್ದಿಟ್ಟದ್ದರಿಂದ ಶುರುವಾಗಿ, 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಬೆಳೆಯಿತು. ಹಾಗಾಗಿ ಬಂಡೀಪುರದ ಬಗ್ಗೆ ಓದುವವರಿಗೆ ಮೈಸೂರು ಸಾಕಾಗಬಹುದು. ನಾಗರಹೊಳೆಗೆ ಮಡಿಕೇರಿಗೂ ಹೋಗಬೇಕು, ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಹೋಗಬೇಕು, ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲೂ ಕೂರಬೇಕು. ನಮ್ಮಲ್ಲಿ ಇದು ಗೊತ್ತಿದ್ದವಳು ಆ ಪಿಎಚ್.ಡಿ. ಹುಡುಗಿ ಒಬ್ಬಳೇ. ಎರಡು ವರ್ಷ ಒಂದೇ ಕಡೆ ಹುಡುಕಿ ಸುಸ್ತಾದ ಮೇಲೆ ಗೊತ್ತಾಯಿತಂತೆ.

ಕಡತ ಅನ್ನುವ ಮಾತು ಬಂದಾಗ ಶಾಸನದ ಹಿರಿಯರು ಅಡ್ಡ ಬಾಯಿ ಹಾಕಿದರು. ಈಗ ಕಚೇರಿಯ ಫೈಲಿಗೆಲ್ಲ ಕಡತ ಅನ್ನುತ್ತೇವೆ. ನಿಜವಾದ ಕಡತ ಅಂದರೆ ಬಟ್ಟೆ. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. “ಅದಕ್ಕೇ ನಮ್ಮ ಇತಿಹಾಸ ಅರ್ಧ ಒರೆಸಿ ಹೋಗಿರೋದು” ಅಂದರು. ಇದು ಅವರು ಪ್ರತಿ ಸಭೆಯಲ್ಲೂ ಹೇಳುವ ಜೋಕು. ಆದರೂ ಕೇಳಲು ಬೇಜಾರಿಲ್ಲ.

ನಕ್ಷೆಯ ಅಕ್ಕ ತಂದದ್ದು ತಾಲ್ಲೂಕಿನ ಗ್ರಾಮಗಳ ಹಳೆಯ ಪಟ್ಟಿ. ಅದರಲ್ಲಿ ಅಲ್ಲಲ್ಲಿ ಊರಿನ ಹೆಸರಿನ ಮುಂದೆ ಜನಸಂಖ್ಯೆ ಇಲ್ಲ, ‘ಬೇಚರಾಕ್’ ಅಂತ ಬರೆದಿದೆ. ಕಂದಾಯ ಇಲಾಖೆಯವರಿಗೆ ಇದು ದಿನನಿತ್ಯದ ಮಾತು. ಜನ ಇಲ್ಲದ, ಕಾಗದದಲ್ಲಿ ಮಾತ್ರ ಉಳಿದ ಗ್ರಾಮ. ಪಾರಸಿಯ ಬೇ-ಚಿರಾಗ್ ನಮ್ಮ ಶಾನುಭೋಗರ ಕೈಯಲ್ಲಿ ಹೀಗಾಗಿದೆ. ದೀಪವಿಲ್ಲದ ಊರು ಅಂತ ಅರ್ಥ. ನಾವು ಆ ಪಟ್ಟಿಯನ್ನು ಹಿಡಿದುಕೊಂಡು ಕಾಡಂಚಿನ ಬೇಚರಾಕ್ ಊರುಗಳಿಗೆಲ್ಲ ನಕ್ಷೆಯಲ್ಲಿ ಪೆನ್ಸಿಲಿನಿಂದ ಒಂದೊಂದು ಸೊನ್ನೆ ಹಾಕುತ್ತಾ ಹೋದೆವು. ಸಂಜೆಯ ಹೊತ್ತಿಗೆ ಹಸಿರು ಬಣ್ಣದ ಮೇಲೆ ಸಿಡುಬಿನ ಕಲೆ ಎದ್ದ ಹಾಗೆ ಕಾಣುತ್ತಿತ್ತು. ಯಾರೂ ಮಾತಾಡಲಿಲ್ಲ. ಎಲ್ಲರೂ ಕಾಡು ಅಂದರೆ ಮೊದಲಿನಿಂದಲೂ ಕಾಡು ಅಂದುಕೊಂಡು ಬಂದವರೇ.

ಊರುಗಳು ಯಾಕೆ ಖಾಲಿಯಾದವು? ಬರ, ಪ್ಲೇಗು, ಮಲೇರಿಯಾ, ಯುದ್ಧ, ಕಾಡುಪ್ರಾಣಿಗಳ ಕಾಟ ಎಲ್ಲವೂ ಇರಬಹುದು. ಒಂದೊಂದು ಊರಿಗೂ ಒಂದೊಂದು ಕಾರಣ. ಅದನ್ನು ಒಂದು ಮಧ್ಯಾಹ್ನದಲ್ಲಿ ತೀರ್ಮಾನ ಮಾಡುವುದು ಬೇಡ ಅಂತ ಅಲ್ಲಿಗೇ ಬಿಟ್ಟೆವು. ಇಂಥ ಸಭೆಗಳಲ್ಲಿ ಬಿಡುವುದು ಹೇಗೆ ಅಂತ ಕಲಿಯುವುದೇ ಕಷ್ಟ.

ಎರಡನೆಯ ದಿನ ಟೆಂಪೊ ಟ್ರಾವೆಲರ್. ತಲೆಗೆ ಆರುನೂರು ರೂಪಾಯಿ ಹಾಕಿಕೊಂಡಿದ್ದೆವು, ಊಟವೂ ಸೇರಿ. ಮಾನಂದವಾಡಿ ರಸ್ತೆ ಹಿಡಿದು ಜಯಪುರ, ಹಂಪಾಪುರ ದಾಟಿ ಹ್ಯಾಂಡ್‌ಪೋಸ್ಟ್‌ನಲ್ಲಿ ಇಡ್ಲಿ, ಕಾಫಿ. ಕಾಡಿನ ಒಳಗಿನ ಕೆಲವು ಜಾಗ ನೋಡಲು ಅನುಮತಿ ಕೇಳಿ ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೆ. ಮೂರು ಸಲವೂ ಇನ್ನೊಂದು ಮೇಜಿಗೆ ಕಳಿಸಿದರು. ಕೊನೆಗೆ ಉತ್ತರವೇ ಬರಲಿಲ್ಲ. ಗೊತ್ತಿದ್ದವರ ಮೂಲಕ ಸುಮ್ನೆ ಒಳಗೆ ಹೋಗಿಬಿಡೋಣ ಅಂದರು ಕೆಲವರು. ಹಾಡಿಯ ಹುಡುಗ ಬೇಡವೇ ಬೇಡ ಅಂದ. ನೀವು ಮೈಸೂರಿಗೆ ಹೋಗಿಬಿಡ್ತೀರಿ, ನಾಳೆ ಕೇಳೋದು ನಮ್ಮನ್ನ ಅಂದ. ಹಾಗಾಗಿ ಕಾಡಿನ ಹೊರಗೇ ಉಳಿದೆವು. ಅಂತರಸಂತೆ ದಾಟಿ, ಉದ್ಬೂರಿನ ಆಸುಪಾಸು. ಈಗ ಯೋಚಿಸಿದರೆ ಒಳಗೆ ಹೋಗಿದ್ದರೆ ಆನೆ ನೋಡಿಕೊಂಡು ಬರುತ್ತಿದ್ದೆವು, ಅಷ್ಟೇ.

ಮೊದಲು ಸಿಕ್ಕಿದ್ದು ಹೊಲದಲ್ಲಿ ಒಂದು ವೀರಗಲ್ಲು. ಮೂರು ಅಂತಸ್ತಿನದು. ಕೆಳಗೆ ವೀರ ಹುಲಿಯನ್ನು ಇರಿಯುತ್ತಿದ್ದಾನೆ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ. ಹೊಲದ ಯಜಮಾನರು ಉಳುವಾಗ ಅದನ್ನು ಬಳಸಿ ಉಳುತ್ತಾರೆ, ಮನೆಯವರು ಹಬ್ಬದ ದಿನ ಕುಂಕುಮ ಇಡುತ್ತಾರೆ. ಅಕ್ಷರ ಇದೆಯೋ ಇಲ್ಲವೋ ನೋಡಬೇಕಿತ್ತು. ಹೊಸಬರಿಗೆ ಇದೊಂದು ಮಾತು ಹೇಳಬೇಕು. ಎಣ್ಣೆ ಹಚ್ಚಬೇಡಿ, ಸುಣ್ಣ ಬಳಿಯಬೇಡಿ, ಸೀಮೆಸುಣ್ಣದಿಂದ ಅಕ್ಷರ ತೀಡಬೇಡಿ. ತೀಡಿದ ಕೂಡಲೇ ಕಲ್ಲಿನಲ್ಲಿರುವುದು ಹೋಗಿ ನಿಮ್ಮ ತಲೆಯಲ್ಲಿರುವುದು ಬರುತ್ತದೆ. ಮೆತ್ತನೆ ಬ್ರಷ್ಷು, ಬರೀ ನೀರು, ಮತ್ತೆ ಬೆಳಕು. ಬಿಸಿಲು ನೆತ್ತಿಗೆ ಬಂದಾಗ ಏನೂ ಕಾಣುವುದಿಲ್ಲ. ಕಲ್ಲಿಗೆ ಬಟ್ಟೆ ಕವುಚಿ ಕತ್ತಲು ಮಾಡಿ, ಟಾರ್ಚನ್ನು ಪಕ್ಕಕ್ಕೆ, ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿದರೆ ಸವೆದ ಗೆರೆಯೂ ನೆರಳು ಬಿಡುತ್ತದೆ. ನಾವು ಇಬ್ಬರ ಪಂಚೆ ಬಿಚ್ಚಿಸುವ ಹಂತಕ್ಕೆ ಬಂದಿದ್ದೆವು. ಅಷ್ಟರಲ್ಲಿ ಯಜಮಾನರು ಮನೆಯಿಂದ ಕಂಬಳಿ ತಂದುಕೊಟ್ಟರು. ಅಕ್ಷರ ಇರಲಿಲ್ಲ. ಈ ಮೂರು ತಾಲ್ಲೂಕುಗಳ ಅಚ್ಚಾದ ಶಾಸನಗಳೆಲ್ಲ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಮೂರನೆಯ ಸಂಪುಟದಲ್ಲಿವೆ, ಗುಂಡ್ಲುಪೇಟೆ, ನಂಜನಗೂಡು, ಎಚ್.ಡಿ. ಕೋಟೆ. ಆದರೆ ಅಕ್ಷರವಿಲ್ಲದ ಕಲ್ಲುಗಳ ಪಟ್ಟಿಯನ್ನು ಹಾಗೆ ಒಂದೇ ಕಡೆ ಯಾರು ಮಾಡುತ್ತಾರೆ?

ಮದ್ದೂರಿನ ಗೆಳೆಯ ಇದೇ ಸಮಯ ಅಂತ ಆತಕೂರನ್ನು ತೆಗೆದ. ಹತ್ತನೆಯ ಶತಮಾನದಲ್ಲಿ ಗಂಗ ದೊರೆ ಬೂತುಗನ ಕಡೆಯ ವೀರ ಮಣಲೇರ ಕಾಳಿ ಅನ್ನುವ ಬೇಟೆನಾಯಿಯನ್ನು ಬೇಡಿ ಪಡೆದದ್ದು, ಅದು ಹಂದಿಯೊಡನೆ ಕಾದಾಡಿ ಎರಡೂ ಸತ್ತದ್ದು, ನಾಯಿಗೆ ಕಲ್ಲು ನಿಲ್ಲಿಸಿದ್ದು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. “ನಮ್ಮೂರ ನಾಯಿಗೆ ಹೆಸರಿದೆ, ಇಲ್ಲಿ ಹುಲಿ ಕೊಂದು ಸತ್ತವನಿಗೆ ಹೆಸರಿಲ್ಲ” ಅಂದ. ಈ ಸಲ ಮಾತ್ರ ಆತಕೂರು ಸರಿಯಾದ ಜಾಗಕ್ಕೆ ಬಂದಿತ್ತು.

ಆಮೇಲೆ ಹಾಡಿಗೆ ಹೋದೆವು. ಹುಡುಗನ ಅಜ್ಜಿ, ಅವರ ತಮ್ಮ ಒಬ್ಬರು, ಇನ್ನೂ ಏಳೆಂಟು ಜನ. ಜೇನುಕುರುಬರು ತಮ್ಮ ತಮ್ಮಲ್ಲಿ ಆಡುವ ಮಾತು ಬೇರೆ. ನಮ್ಮ ಜೊತೆ ಕೋಟೆ ಕಡೆಯ ಕನ್ನಡ. ಹತ್ತೊಂಬತ್ತು ಜನ ಸುತ್ತ ನಿಂತರೆ ಯಾರು ಮಾತಾಡುತ್ತಾರೆ? ಅದಕ್ಕೇ ನಾಲ್ಕು ಗುಂಪಾದೆವು. ಗುಂಪಿಗೆ ಒಬ್ಬರೇ ಕೇಳುವವರು, ಉಳಿದವರು ಬಾಯಿ ಬಿಡಬಾರದು. ಕಾಲೇಜು ಅಧ್ಯಾಪಕರಿಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು.

ಇಸವಿ ಕೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅದಕ್ಕೆ ಬದಲು ಗೂಟಗಳನ್ನು ಇಟ್ಟುಕೊಂಡಿದ್ದೆವು. ಕೊನೆಯ ಖೆಡ್ಡಾ ಒಂದು ಗೂಟ, ಅದು 1971. ಕಬಿನಿ ಡ್ಯಾಮಿನ ನೀರು ನಿಂತದ್ದು ಇನ್ನೊಂದು, 1974ರ ಹೊತ್ತು. ದನಕ್ಕೆ ದೊಡ್ಡರೋಗ ಬಂದು ಬಂಡೀಪುರದಲ್ಲಿ ಕಾಟಿಗಳು ರಾಶಿ ರಾಶಿ ಸತ್ತದ್ದು 1968. ಬಿದಿರು ಹೂ ಬಿಟ್ಟು ಒಣಗಿದ ವರ್ಷವೂ ಒಂದು ಗೂಟವೇ, ಬಿದಿರಕ್ಕಿ ತಿಂದವರು ಅದನ್ನು ಮರೆಯುವುದಿಲ್ಲ. ನಿಮ್ಮ ಮಗಳು ಹುಟ್ಟಿದ್ದು ಖೆಡ್ಡಾಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಎಷ್ಟನೇ ಇಸವಿ ಅಂತ ಕೇಳಿದರೆ ನಮ್ಮನ್ನು ಖುಷಿಪಡಿಸಲು ಯಾವುದೋ ಒಂದು ಹೇಳುತ್ತಾರೆ, ನಾವು ಅದನ್ನೇ ಬರೆದುಕೊಳ್ಳುತ್ತೇವೆ. ಎಷ್ಟೋ ಪುಸ್ತಕದ ಇಸವಿಗಳು ಹೀಗೇ ಹುಟ್ಟಿರಬೇಕು.

ನಾನು ಅಜ್ಜಿಯ ಗುಂಪಿನಲ್ಲಿದ್ದೆ. ನಕ್ಷೆ ಹಾಸಿ, ಉತ್ತರ ಈ ಕಡೆ ಅಂತ ತೋರಿಸಿದೆ. ಅಜ್ಜಿ ನಕ್ಷೆಯನ್ನೂ ನೋಡಲಿಲ್ಲ, ಉತ್ತರವನ್ನೂ ನೋಡಲಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದು, ಇದು ಹಳ್ಳ ಅಂದರು. ನೀರು ಇಳಿಯುವ ಕಡೆ, ನೀರು ಹತ್ತುವ ಕಡೆ, ಅಷ್ಟೇ ದಿಕ್ಕು. ಆಮೇಲೆ ನಡೆಯಲು ಶುರುಮಾಡಿದರು, ಕೂತಲ್ಲೇ. ಇಲ್ಲಿಂದ ಹೊರಟರೆ ಈ ಮರ, ಅಲ್ಲಿ ನೂರೆ ಗೆಣಸು, ಅದರಾಚೆ ಹೆಜ್ಜೇನು ಕಟ್ಟುವ ಬಂಡೆ, ಅಲ್ಲಿಗೆ ಬಿಸಿಲೇರುತ್ತದೆ, ಕೂತು ನೀರು ಕುಡಿಯುವ ಜಾಗ, ಅಲ್ಲಿ ನಮ್ಮತ್ತೆಯ ಮಣ್ಣು. ಒಂದೊಂದು ಜಾಗಕ್ಕೂ ಹೆಸರು. ನಾನು ಎಣಿಸಿದೆ, ಮೂವತ್ತೊಂದು. ಅದೇ ದಾರಿಯಲ್ಲಿ ನನ್ನ ನಕ್ಷೆಯಲ್ಲಿದ್ದ ಹೆಸರು ಒಂಬತ್ತು. ನಡುವೆ ತಡೆದು, ಅದು ಎಷ್ಟು ದೂರ ಅಂತ ಕೇಳಿದೆ. ದಾರ ತುಂಡಾಯಿತು. ಮತ್ತೆ ಮೊದಲಿನಿಂದ, ಮನೆಯ ಬಾಗಿಲಿನಿಂದಲೇ ನಡೆಯಬೇಕಾಯಿತು. ಹೆಸರುಗಳು ಅವರಿಗೆ ಪಟ್ಟಿಯ ಹಾಗಿಲ್ಲ, ಕಾಲಿನಲ್ಲಿವೆ.

ಅದರಲ್ಲಿ ನಾಲ್ಕು ಹೆಸರಿನ ಕೊನೆಗೆ ಹಡ್ಲು ಅಂತ ಬಂತು. ಸಫಾರಿಗೆ ಹೋದವರಿಗೆ ಗೊತ್ತು, ನಾಗರಹೊಳೆಯಲ್ಲಿ ಮರಗಳ ನಡುವೆ ಇದ್ದಕ್ಕಿದ್ದ ಹಾಗೆ ಹಸಿರು ಬಯಲು ಸಿಗುತ್ತದೆ. ಜೌಗು ನೆಲ, ಜಿಂಕೆ, ಕಾಟಿ. ಗೈಡ್ ಗಾಡಿ ನಿಲ್ಲಿಸುತ್ತಾನೆ, ಎಲ್ಲರೂ ಕ್ಯಾಮೆರಾ ತೆಗೆಯುತ್ತಾರೆ. ನಾನೂ ಹತ್ತು ಸಲ ತೆಗೆದಿದ್ದೇನೆ. ಮಂಗಳೂರು ಕಡೆಯವರು ಉಳುಮೆ ಬಿಟ್ಟ ಗದ್ದೆಗೆ ಹಡಿಲು ಅನ್ನುತ್ತಾರೆ. ಅದೇ ಮಾತು. ಈ ಹಡ್ಲುಗಳಲ್ಲಿ ಕೆಲವಾದರೂ ಒಂದು ಕಾಲಕ್ಕೆ ಭತ್ತ ಬೆಳೆದ ಗದ್ದೆಗಳು. ಹೆಸರೇ ಕೂಗಿ ಹೇಳುತ್ತಿದೆ. ಕನ್ನಡ ಬರುವ ನಾವು ಅದನ್ನು ಅಷ್ಟು ವರ್ಷ ಕೇಳಿಸಿಕೊಂಡೇ ಇರಲಿಲ್ಲ. ನಿವೃತ್ತ ಗಾರ್ಡ್ ಇದಕ್ಕೆ ಇನ್ನೊಂದು ಸೇರಿಸಿದರು. ಕಾಡೊಳಗೆ ಗಸ್ತು ತಿರುಗುವಾಗ ಹುಣಸೆ, ಮಾವು, ಹಲಸು ಒಟ್ಟೊಟ್ಟಿಗೆ ಕಂಡರೆ ಸುತ್ತ ನೆಲ ನೋಡುತ್ತಿದ್ದರಂತೆ. ಒರಳುಕಲ್ಲೋ, ಬಾವಿಯ ಕಟ್ಟೆಯೋ ಇದ್ದೇ ಇರುತ್ತಿತ್ತು. ಸಾಲಾಗಿ ನಿಂತ ತೇಗ ಬೇರೆ, ಅದು ಇಲಾಖೆ ನೆಟ್ಟದ್ದು. ಲಂಟಾನ ಬೆಳೆದು ಈಗ ಅದೂ ಕಾಣುವುದಿಲ್ಲ ಅಂದರು.

ಪಕ್ಕದ ಗುಂಪಿನಲ್ಲಿ ಅಜ್ಜಿಯ ತಮ್ಮ ಖೆಡ್ಡಾದ ಕಥೆ ಹೇಳುತ್ತಿದ್ದರು. ನಗು ಜೋರಾಗಿ ಕೇಳಿಸುತ್ತಿತ್ತು. ಅವರ ಅಪ್ಪ ಆನೆ ಸುತ್ತುಗಟ್ಟುವ ಸಾಲಿನಲ್ಲಿದ್ದವರು. ವಾರಗಟ್ಟಲೆ ಕಾಡಿನಲ್ಲಿ ಹಿಂಡನ್ನು ಬಿಡದೆ ಕಾಯುವುದು, ರಾತ್ರಿ ಬೆಂಕಿ ಹಾಕಿಕೊಂಡು ಕೂರುವುದು. ಗೊತ್ತಾದ ದಿನ ತಮಟೆ, ಕೂಗು, ಹುಸಿಗುಂಡಿನ ಸದ್ದು. ಹಿಂಡು ಕಬಿನಿಗೆ ಇಳಿಯಬೇಕು, ಈಜಿ ಈ ದಡ ಹತ್ತಬೇಕು, ದಪ್ಪ ದಿಮ್ಮಿಗಳ ದೊಡ್ಡಿಯೊಳಗೆ ನುಗ್ಗಬೇಕು. ಆಗ ಹಗ್ಗ ಕಡಿದರೆ ಬಾಗಿಲು ಬೀಳುತ್ತದೆ. ಆಮೇಲೆ ಮಾವುತರು ಸಾಕಾನೆ ಹತ್ತಿ ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಹಾಕುವುದು. ವೈಸರಾಯ್‌ಗಳು, ರಾಜಕುಮಾರರು ಬಂದು ಅಟ್ಟದ ಮೇಲೆ ಕೂತು ನೋಡುತ್ತಿದ್ದರು.

ನಾವು ಖೆಡ್ಡಾದ ಹಳೆಯ ಫೋಟೊಗಳ ಪ್ರತಿ ಒಯ್ದಿದ್ದೆವು. ಮೈಸೂರಿನಲ್ಲಿ ಇವುಗಳಿಗೆ ಬೆಲೆ ಜಾಸ್ತಿ, ಹೋಟೆಲುಗಳ ಗೋಡೆಗಳಲ್ಲೂ ತೂಗುತ್ತವೆ. ನನಗಂತೂ ಅವುಗಳ ಮೇಲಿನ ಮೋಹ ಆವತ್ತು ಅರ್ಧ ಇಳಿಯಿತು. ನಾವು ಒಯ್ದ ಹದಿನಾಲ್ಕು ಫೋಟೊಗಳಲ್ಲಿ ಕೆಳಗೆ ಬರೆದ ಹೆಸರು ನೋಡಿ. ಅತಿಥಿಗಳ ಹೆಸರಿದೆ, ಎರಡರಲ್ಲಿ ಸಾಕಾನೆಯ ಹೆಸರೂ ಇದೆ. ತಮಟೆ ಹಿಡಿದು ನಿಂತವರ ಹೆಸರು ಒಂದರಲ್ಲೂ ಇಲ್ಲ. ಅಜ್ಜಿಯ ತಮ್ಮ ಒಂದನ್ನು ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. “ಇವ್ನು ನಮ್ಮೋನೇ. ನಿಂತಿರೋ ರೀತಿ ನೋಡಿದ್ರೇ ಗೊತ್ತಾಯ್ತದೆ” ಅಂದರು. ಹೆಸರು ಹೊಳೆಯಲಿಲ್ಲ.

ಕೊನೆಗೆ ನನಗೆ ತಡೆಯಲಾಗಲಿಲ್ಲ. ಇಷ್ಟು ದೂರ ಬಂದದ್ದೇ ಅದಕ್ಕೆ. ಅಜ್ಜಿಯನ್ನು ಹೈದರನ ಕಲ್ಲಿನ ಬಗ್ಗೆ ಕೇಳಿದೆ. ಆನೆ ಹಿಡಿಯುವವರಿಗೆ ಶಾಪ ಹಾಕಿ ನೆಟ್ಟ ಕಲ್ಲು, ಕಾಕನಕೋಟೆ ಕಡೆ ಇತ್ತಂತೆ, ನೀವು ಕಂಡಿದ್ದೀರಾ, ದೊಡ್ಡವರು ಹೇಳಿದ್ದು ಕೇಳಿದ್ದೀರಾ ಅಂದೆ.

“ಆ ಕಲ್ಲ ನಾವ್ಯಾರೂ ನೋಡಿಲ್ಲ ಕಣ್ ಮೇಷ್ಟ್ರೇ” ಅಂದರು. ಎಲೆಅಡಿಕೆ ಒಂದು ಕಡೆ ಸರಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆನೆ ಹಿಡಿಯೋರ್ಗೆ ಶಾಪ ಅಂದ್ರಲ್ಲ. ಹಿಡ್ದೋರು ದೊರೆಗಳಾ? ನಾವ್ ತಾನೆ. ಅಂಗಾರೆ ಅದು ನಮ್ಗೇ ಹಾಕಿರೋದು. ಅದ್ಕೇ ಏನೋ, ಆನೆ ಒಳ್ಗೆ ಅವೆ, ನಾವ್ ಆಚೆ ಬಂದೋ.” ಹೇಳಿ ನಕ್ಕರು. ಸುತ್ತ ಇದ್ದವರೂ ನಕ್ಕರು. ನನ್ನ ಗುಂಪಿನಲ್ಲಿ ಯಾರೂ ನಗಲಿಲ್ಲ.

ಕಾಡಿನಿಂದ ಇವರನ್ನು ಹೊರಗೆ ತಂದದ್ದು ಒಂದೇ ಸಲ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. ಡ್ಯಾಮಿನ ನೀರಿಗೆ ಹೋದವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹೋದವರು ಇದ್ದಾರೆ. ಹುಣಸೂರು ಕಡೆಯ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವರು ಇದ್ದಾರೆ. ಒಳಗೇ ಉಳಿದವರೂ ಇದ್ದಾರೆ. ಕೆಲವರಿಗೆ ಹೊರಗೆ ಬಂದದ್ದು ಒಳ್ಳೆಯದೇ ಆಯಿತು, ಸ್ಕೂಲು, ಆಸ್ಪತ್ರೆ ಹತ್ತಿರ ಅನ್ನುವವರೂ ಆ ಹಾಡಿಯಲ್ಲೇ ಸಿಕ್ಕರು. ಅದನ್ನೂ ಬರೆದುಕೊಂಡೆವು. ನಮ್ಮ ಗುಂಪಿನ ಒಬ್ಬರು ಅದು ಬೇಡ, ವಾದ ದುರ್ಬಲವಾಗುತ್ತದೆ ಅಂದರು. ವಾದ ಮಾಡಲು ಬಂದಿಲ್ಲ ಅಂತ ನಾನು ಸ್ವಲ್ಪ ಒರಟಾಗಿಯೇ ಹೇಳಿದೆ. ಆ ಮೇಲೆ ಟೆಂಪೊದಲ್ಲಿ ಅವರ ಪಕ್ಕ ಕೂತು ಸಮಾಧಾನ ಮಾಡಬೇಕಾಯಿತು.

ವಾಪಸು ಬರುವಾಗ ಹಿನ್ನೀರಿನ ದಡದಲ್ಲಿ, ಭೀಮನಕೊಲ್ಲಿ ಮಹದೇಶ್ವರನ ಗುಡಿಯ ಹತ್ತಿರ ಅರ್ಧ ಗಂಟೆ ನಿಂತೆವು. ಶಾಸನದ ಹಿರಿಯರು ನೀರಿನ ಕಡೆ ಕೈ ತೋರಿಸಿ, ಪುನ್ನಾಟ ಅನ್ನುವ ಹಳೆಯ ರಾಜ್ಯದ ರಾಜಧಾನಿ ಕಿತ್ತೂರು ಈ ನೀರಿನೊಳಗೇ ಹೋಯಿತು ಅಂದರು. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಗೂ ಗೊತ್ತಿದ್ದ ಸೀಮೆ ಅದು. ಬೆರಿಲ್ ಅನ್ನುವ ಹರಳು ಸಿಗುವ ನಾಡು ಅಂತ ಬರೆದಿದ್ದಾನೆ. ಸಂಜೆ ಆರಕ್ಕೆ ಕಾಡಿನ ಗೇಟು ಹಾಕುತ್ತಾರೆ, ಕೇರಳದ ಕಡೆ ಹೋಗುವ ಗಾಡಿಗಳು ಅವಸರದಲ್ಲಿದ್ದವು. ನಾವು ಮೈಸೂರಿನ ಕಡೆ ತಿರುಗಿದೆವು.

ಆಮೇಲೆ ಮುಖ್ಯ ಜಗಳ ಶುರುವಾಯಿತು. ಸಿಕ್ಕಿದ್ದನ್ನು ಏನು ಮಾಡುವುದು? ಪುಸ್ತಕ ಮಾಡೋಣ, ಎಲ್ಲರ ಹೆಸರೂ ಬರಲಿ ಅಂದರು ಹಲವರು. ಹಾಡಿಯ ಹುಡುಗ ಎರಡು ಮಾತು ಕೇಳಿದ. ಮೊದಲನೆಯದು, ದೇವರ ಜಾಗ, ಮಣ್ಣು ಮಾಡಿದ ಜಾಗ ಎಲ್ಲಿವೆ ಅಂತ ಅಚ್ಚು ಹಾಕಿದರೆ ನಾಳೆ ಯಾರ್ಯಾರು ಅಲ್ಲಿಗೆ ಹೋಗುತ್ತಾರೆ? ಎರಡನೆಯದು, ಅಜ್ಜಿ ಹೇಳಿದ್ದನ್ನು ಸರಿಯಾಗಿ ಬರೆದು ಹೆಬ್ಬೆಟ್ಟು ಹಾಕಿಸಿ ನಮಗೊಂದು ಪ್ರತಿ ಕೊಡ್ತೀರಾ? 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಸಾಕ್ಷ್ಯ ಅಂದರೆ ಬರೀ ಸರ್ಕಾರಿ ಕಾಗದ ಅಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ಜಾಗವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯ. ಇದನ್ನು ನಮ್ಮಲ್ಲಿ ಇಬ್ಬರು ಅಧ್ಯಾಪಕರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಪುಸ್ತಕ ಸದ್ಯಕ್ಕೆ ಇಲ್ಲ. ಬದಲಿಗೆ ಎರಡು ದಪ್ಪ ನೋಟ್‌ಬುಕ್ ಆಗಿವೆ. ಒಂದರಲ್ಲಿ ಹೇಳಿಕೆಗಳು, ಹೇಳಿದವರದೇ ಮಾತಿನಲ್ಲಿ, ‘ಐತೆ’, ‘ಬಂದೋ’ ಎಲ್ಲ ಹಾಗೇ. ಅದರ ಒಂದು ಪ್ರತಿ ಹಾಡಿಯಲ್ಲಿದೆ. ಇನ್ನೊಂದರಲ್ಲಿ ಜಾಗದ ಹೆಸರುಗಳು, ನಡೆದ ಕ್ರಮದಲ್ಲಿ. ಯಾವುದನ್ನು ಹೊರಗೆ ಹೇಳಬಹುದು, ಯಾವುದು ಬೇಡ ಅಂತ ಹಾಡಿಯವರೇ ಗುರುತು ಹಾಕಿಕೊಟ್ಟರು. ಮೂವತ್ತೊಂದರಲ್ಲಿ ಹನ್ನೆರಡರ ಮುಂದೆ ಅಡ್ಡಗೆರೆ ಬಿದ್ದಿದೆ. ಈ ಬರಹದಲ್ಲಿ ಅಜ್ಜಿ ಹೇಳಿದ ಒಂದು ಹೆಸರೂ ಇಲ್ಲದಿರುವುದು ಅದಕ್ಕೇ. ಯಾವುದನ್ನು ಬರೆಯಬಹುದು ಅಂತ ಇನ್ನೊಂದು ಸಲ ಕೇಳಿಯೇ ಬರೆಯೋಣ ಅಂತ ಸುಮ್ಮನಿದ್ದೇನೆ.

ಶಾಪದ ಕಲ್ಲು ಸಿಗಲಿಲ್ಲ. ಡ್ಯಾಮಿನ ನೀರಿನಲ್ಲಿ ಮುಳುಗಿರಬಹುದು ಅಂತ ನಕ್ಷೆಯ ಅಕ್ಕ, ಯಾವುದೋ ಸೇತುವೆಯ ಬುನಾದಿಗೆ ಹೋಗಿರಬಹುದು ಅಂತ ಗಾರ್ಡ್. ಮದ್ದೂರಿನ ಗೆಳೆಯ ಮಾತ್ರ ಇನ್ನೂ ಹುಡುಕೋಣ ಅನ್ನುತ್ತಾನೆ.

ಮೊನ್ನೆ ರಾತ್ರಿ ಒಂಬತ್ತಕ್ಕೆ ಹುಡುಗನ ಫೋನ್ ಬಂತು. “ಸಾರ್, ಅಜ್ಜಿ ಮಾತಾಡ್ಬೇಕಂತೆ” ಅಂದ. ಅಜ್ಜಿಗೆ ಮೂರು ದಿನದಿಂದ ನಿದ್ದೆ ಸರಿ ಬಂದಿರಲಿಲ್ಲವಂತೆ. ಆವತ್ತು ಹೇಳಿದ ದಾರಿಯಲ್ಲಿ ಹದಿನೇಳನೆಯದು ಮತ್ತು ಹದಿನೆಂಟನೆಯದು ಹಿಂದುಮುಂದಾಗಿದೆ. ಮೊದಲು ಬಂಡೆ, ಆಮೇಲೆ ನೀರು. ನೀರು ಮೊದಲು ಬರೆದಿದ್ದರೆ ತಿದ್ದಬೇಕು ಅಂದರು. ಪೆನ್ಸಿಲಿನಲ್ಲೇ ಬರೆದಿದ್ದೇನೆ ಅಜ್ಜಿ, ಈಗಲೇ ತಿದ್ದುತ್ತೇನೆ ಅಂದೆ. ತಿದ್ದಿ ಮುಗಿಯುವವರೆಗೂ ಅವರು ಫೋನ್ ಇಡಲಿಲ್ಲ.